ಗರಾಜಿನ ಸ್ಪ್ರಿಂಗು, ಅಪ್ಪನ ಮಣಿಕಟ್ಟು

ಢಮಾರ್!

2025ರ ಜನವರಿಯ ಒಂದು ಬೆಳಿಗ್ಗೆ, ಇನ್ನೂ ಐದೂ ಮುಕ್ಕಾಲು ಗಂಟೆ. ಹೊರಗೆ ಮೈನಸ್ 15 ಡಿಗ್ರಿ ಚಳಿ. ಮುಚ್ಚಿದ ಕೋಣೆಯೊಳಗೆ ಯಾರೋ ಆಟಂ ಬಾಂಬ್ ಹಚ್ಚಿದ ಹಾಗೆ ಸದ್ದಾಗಿ ಮನೆಯೆಲ್ಲಾ ಒಮ್ಮೆ ಅದುರಿತು. ನನ್ನವಳು ದಡಕ್ಕನೆ ಎದ್ದು ಕೂತು, "ರೀ, ಯಾರಾದ್ರೂ ಗುಂಡು ಹಾರಿಸಿದ್ರಾ?" ಅಂದಳು. ಅಮೆರಿಕಾದಲ್ಲಿರುವವರಿಗೆ ಮೊದಲು ಹೊಳೆಯೋದೇ ಅದು, ಏನು ಮಾಡೋದು.

ನನಗೆ ಮಾತ್ರ ಅದೇನು ಅಂತ ಆ ಕ್ಷಣದಲ್ಲೇ ಗೊತ್ತಾಯಿತು. ಹನ್ನೊಂದು ವರ್ಷದ ಹಿಂದೆ ಇದೇ ಮನೆಯಲ್ಲಿ ಇದೇ ಸದ್ದು ಕೇಳಿದ್ದೆ. ಹೊಟ್ಟೆಯೊಳಗೆ ಏನೋ ತಿರುಚಿದಂತಾಯಿತು. ಎದ್ದು ಹೋಗಿ ದೀಪ ಹಾಕಿ ನೋಡಿದರೆ ಊಹೆ ಸರಿಯಾಗಿಯೇ ಇತ್ತು. ಗರಾಜ್ ಬಾಗಿಲ ಮೇಲಿನ ಎರಡು ಸ್ಪ್ರಿಂಗುಗಳಲ್ಲಿ ಎಡಗಡೆಯದು ಮಧ್ಯದಲ್ಲಿ ಮುರಿದು, ಎರಡು ತುಂಡಿನ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ನೇತಾಡುತ್ತಿತ್ತು.

ಊರಿನಲ್ಲಿರುವ ಗೆಳೆಯರಿಗೆ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಕಡೆ ಗ್ಯಾರೇಜು ಅಂದರೆ ಸ್ಕೂಟರ್ ಬಿಚ್ಚಿ ಹಾಕಿರುವ, ನೆಲಕ್ಕೆಲ್ಲಾ ಕರೀ ಎಣ್ಣೆ ಮೆತ್ತಿರುವ ಅಂಗಡಿ ತಾನೇ? ಇಲ್ಲಿ ಗರಾಜ್ ಅಂದರೆ ಮನೆಗೇ ಅಂಟಿಕೊಂಡಿರುವ ಕಾರು ನಿಲ್ಲಿಸುವ ಕೋಣೆ. ಮಿಶಿಗನ್‌ನಂಥ ಹಿಮದ ರಾಜ್ಯದಲ್ಲಿ ಅದಿಲ್ಲದಿದ್ದರೆ ಬೆಳಿಗ್ಗೆ ಅರ್ಧ ಗಂಟೆ ಕಾರಿನ ಮೇಲಿನ ಮಂಜುಗಡ್ಡೆ ಕೆರೆಯುವುದರಲ್ಲೇ ಹೋಗುತ್ತೆ. ಎರಡು ಕಾರು ಹಿಡಿಸುವ ಗರಾಜಿನ ಬಾಗಿಲು 16 ಅಡಿ ಅಗಲ, 7 ಅಡಿ ಎತ್ತರ. ತಗಡಿನ ಹಲಗೆಗಳನ್ನು ಕೀಲು ಹಾಕಿ ಜೋಡಿಸಿರುತ್ತಾರೆ. ಗುಂಡಿ ಒತ್ತಿದರೆ ಎರಡೂ ಕಡೆಯ ಕಂಬಿಯ ಹಳಿ ಹಿಡಿದು ಮೇಲಕ್ಕೆ ಸರಿದು, ಸೂರಿಗೆ ಸಮಾನಾಂತರವಾಗಿ ಮಲಗಿಕೊಳ್ಳುತ್ತೆ. ಹೀಗೆ ಮೇಲಕ್ಕೆ ಏರುವ ಗರಾಜ್ ಬಾಗಿಲನ್ನು ಸಿ. ಜಿ. ಜಾನ್ಸನ್ ಅನ್ನುವವರು 1921ರಲ್ಲಿ ಕಂಡುಹಿಡಿದರು. ಅದನ್ನು ಎತ್ತುವ ವಿದ್ಯುತ್ ಯಂತ್ರ 1926ರಲ್ಲಿ ಬಂತು.

ಆ ಬಾಗಿಲನ್ನು ಎತ್ತೋದು ಮೋಟಾರು ಅಂತ ನಾವೆಲ್ಲಾ ಅಂದುಕೊಂಡಿರ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ, ಅದೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ! ನಿಜ ಏನಪ್ಪಾ ಅಂದರೆ ಮೋಟಾರು ಬರೀ ದಾರಿ ತೋರಿಸೋದು. ಭಾರ ಹೊರೋದು ಸ್ಪ್ರಿಂಗು. ಬಾಗಿಲ ನೆತ್ತಿಯ ಮೇಲೆ ಅಡ್ಡಕ್ಕೆ ಒಂದು ಉಕ್ಕಿನ ಕೊಳವೆ ಇರುತ್ತೆ. ಅದಕ್ಕೆ ಎರಡು ಸ್ಪ್ರಿಂಗು ತೊಡಿಸಿರುತ್ತಾರೆ. ಕೊಳವೆಯ ಎರಡೂ ತುದಿಗೆ ಬಾವಿಯ ರಾಟೆಯಂಥ ಗಾಲಿ, ಅದರಿಂದ ಇಳಿಬಿದ್ದ ಉಕ್ಕಿನ ಕೇಬಲ್ ಬಾಗಿಲಿನ ಕೆಳತುದಿಗೆ ಕಟ್ಟಿರುತ್ತೆ. ಬಾಗಿಲು ಕೆಳಗಿಳಿಯುವಾಗ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತೆ, ಮೇಲೇರುವಾಗ ಬಿಚ್ಚಿಕೊಳ್ಳುತ್ತಾ ಭಾರವನ್ನು ತಾನು ಎತ್ತುತ್ತೆ. ಹಾಗಾಗಿ ಬಾಗಿಲು ಮುಚ್ಚಿರುವಾಗಲೇ ಸ್ಪ್ರಿಂಗಿನಲ್ಲಿ ಅತಿ ಹೆಚ್ಚು ಬಿಗಿ. ರಾತ್ರಿ ಬಾಗಿಲು ಹಾಕಿ ಮಲಗಿರುವಾಗ, ಯಾರೂ ಮುಟ್ಟದೆಯೇ ಅದು ಮುರಿಯುವುದು ಅದಕ್ಕೇ.

ಸಾಮಾನ್ಯ ಸ್ಪ್ರಿಂಗಿಗೆ 10,000 ಸಲ ಅಂತ ಆಯಸ್ಸು ಲೆಕ್ಕ ಹಾಕಿರುತ್ತಾರೆ. ಒಮ್ಮೆ ತೆಗೆದು ಒಮ್ಮೆ ಹಾಕಿದರೆ ಒಂದು ಸಲ. ದಿನಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 1095. ಒಂಬತ್ತು ವರ್ಷ ಚಿಲ್ಲರೆಗೆ ಮುಗೀತು. ನಮ್ಮ ಮನೆ ಕಟ್ಟಿದ್ದು 2004ರಲ್ಲಿ, ಮೊದಲ ಸ್ಪ್ರಿಂಗು ಮುರಿದಿದ್ದು 2014ರ ಜನವರಿಯಲ್ಲಿ. ಎರಡನೆಯದು ಹನ್ನೊಂದು ವರ್ಷ ಬಂತು. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯಲ್ಲೇ ಕೂತಿದ್ದೆವಲ್ಲ, ಆ ಉಳಿತಾಯ ಇರಬೇಕು!

ಸರಿ, ವಿಷಯಕ್ಕೆ ಬರ್ತೀನಿ. ಅವತ್ತು ಕಾಫಿ ಕುಡೀತಾ ರಿಪೇರಿಯವನಿಗೆ ಫೋನ್ ಮಾಡಿದೆ. ಎರಡೂ ಸ್ಪ್ರಿಂಗು ಬದಲಾಯಿಸಲು 400 ಡಾಲರ್ ಹತ್ತಿರ ಆಗುತ್ತೆ ಅಂದ. ನನ್ನವಳು ಪಕ್ಕದಲ್ಲೇ ಇದ್ದಳು.

"ನಾನ್ನೂರಾ? ಸ್ಪ್ರಿಂಗಿಗೆ ಎಷ್ಟಾಗತ್ರೀ?"

"ಎರಡಕ್ಕೂ ಸೇರಿ ನೂರು ನೂರೈವತ್ತು ಇರಬಹುದು."

"ಮತ್ತೆ? ನೀವೇ ಹಾಕ್ರೀ. ಡಿಶ್‌ವಾಶರ್ ಬಿಚ್ಚಿ ಜೋಡಿಸಿದ್ರಿ, ಕಾರಿನ ಬ್ರೇಕ್ ಹಾಕಿದ್ರಿ, ಇದೇನು ಮಹಾ. ಯೂಟ್ಯೂಬಲ್ಲಿ ಇರತ್ತಪ್ಪ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಕಾಫಿ ಲೋಟ ಕೆಳಗಿಟ್ಟೆ. ಹನ್ನೊಂದು ವರ್ಷದಿಂದ ಅವಳಿಗೆ ಹೇಳದೇ ಇದ್ದ ಮಾತನ್ನು ಹೇಳಲೇಬೇಕಾಯಿತು. ಅವಳಿಗೆ ಹೇಳಿದ ಮೇಲೆ ನಿಮ್ಮಿಂದ ಮುಚ್ಚಿಡೋಕೆ ಏನಿದೆ?

ಅದಕ್ಕೆ ಮುಂಚೆ ತಿಪಟೂರಿಗೆ ಒಮ್ಮೆ ಹೋಗಿಬರಬೇಕು.

ಅಪ್ಪನದು ತಿಪಟೂರಿನಲ್ಲಿ ಸಣ್ಣ ದಿನಸಿ ಅಂಗಡಿ. 1978ರಲ್ಲಿ ಶುರು ಮಾಡಿದ್ದು. ಮೊದಲು ಮರದ ಹಲಗೆ ಬಾಗಿಲಿತ್ತಂತೆ. ಒಂದೊಂದೇ ಹಲಗೆಗೆ ನಂಬರ್ ಬರೆದು ಸಾಲಾಗಿ ಜೋಡಿಸೋದು, ನಿಮ್ಮಲ್ಲಿ ಕೆಲವರು ನೋಡಿರಬಹುದು. ನನಗೆ ಬುದ್ಧಿ ಬರುವ ಹೊತ್ತಿಗೆ ಕಬ್ಬಿಣದ ಶಟರ್ ಬಂದಿತ್ತು. ಬೆಳಿಗ್ಗೆ ಆರೂವರೆಗೆ ಅಪ್ಪ ಬೀಗ ತೆಗೆದು, ಬಗ್ಗಿ, ಎರಡೂ ಕೈಯಿಂದ ಹಿಡಿ ಹಿಡಿದು ಒಂದೇ ಸಲಕ್ಕೆ ಎತ್ತಿಬಿಡುತ್ತಿದ್ದರು. ಗಡಗಡಗಡ ಅಂತ ಸದ್ದು ಮಾಡುತ್ತಾ ಅದು ಮೇಲೆ ಹೋಗಿ ಸುತ್ತಿಕೊಳ್ಳುತ್ತಿತ್ತು. ಬೀದಿಯ ಉಳಿದ ಅಂಗಡಿಗಳ ಗಡಗಡವೂ ಅದರ ಹಿಂದೆಯೇ. ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದೇ ಹಾಗೆ.

ಆ ಶಟರಿನ ಮೇಲಿನ ಡಬ್ಬದೊಳಗೂ ಸ್ಪ್ರಿಂಗು ಇರುತ್ತೆ. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿ. ವರ್ಷಕ್ಕೋ ಎರಡು ವರ್ಷಕ್ಕೋ ಶಟರ್ ಭಾರ ಆಗೋದು, ಆಗ ಅಪ್ಪ ಸಾಬರಿಗೆ ಹೇಳಿಕಳಿಸೋರು. ಶಟರ್ ಸಾಬರು ಅಂತಲೇ ಬಜಾರಿಗೆಲ್ಲಾ ಹೆಸರು. ಸೈಕಲ್ ಹಿಂದೆ ಏಣಿ, ಒಂದು ಗೋಣಿಚೀಲದಲ್ಲಿ ಪೈಪ್ ಪಾನಾ, ಗ್ರೀಸ್ ಡಬ್ಬಿ. ಅವರ ಬಲಗೈಯಲ್ಲಿ ಎರಡು ಬೆರಳು ಅರ್ಧರ್ಧವೇ ಇದ್ದವು. ನಾನು ಆರೇಳು ವರ್ಷದ ಹುಡುಗ, ಏಣಿಯ ಕೆಳಗೆ ಬಾಯಿ ತೆಗೆದು ನಿಂತಿರುತ್ತಿದ್ದೆ. ಅವರು ಮೇಲಿನಿಂದಲೇ ಗದರುತ್ತಿದ್ದರು.

"ಏ ಮರಿ, ಎದುರ್ಗೆ ನಿಂತ್ಕಬ್ಯಾಡ! ಪಕ್ಕಕ್ಕೋಗು. ಸ್ಪ್ರಿಂಗ್‌ಗೆ ಕಣ್ಣಿಲ್ಲ."

ಅಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ಈಗ 2014ರ ಜನವರಿ. ಪೋಲಾರ್ ವೋರ್ಟೆಕ್ಸ್ ಅಂತ ಉತ್ತರ ಧ್ರುವದ ಚಳಿಯೆಲ್ಲಾ ಕೆಳಗಿಳಿದು ಅಮೆರಿಕಾದ ಅರ್ಧ ಭಾಗ ಹೆಪ್ಪುಗಟ್ಟಿದ್ದ ವರ್ಷ ಅದು, ಇಲ್ಲಿರುವವರಿಗೆ ನೆನಪಿರಬಹುದು. ತಂಗಿಯ ಬಾಣಂತನ ಅಂತ ಅಮ್ಮ ಊರಲ್ಲೇ ಉಳಿದಿದ್ದಳು. ಅಪ್ಪ ಒಬ್ಬರೇ ಮೂರು ತಿಂಗಳಿಗೆ ಅಂತ ಬಂದಿದ್ದರು. ಬಂದ ಎರಡನೇ ವಾರಕ್ಕೇ ಗರಾಜಿನ ಸ್ಪ್ರಿಂಗು ಮುರಿಯಿತು. ನನ್ನ ಕಾರು ಒಳಗೇ ಸಿಕ್ಕಿಕೊಂಡಿತ್ತು.

ಅಪ್ಪ ಕೋಟಿನ ಮೇಲೆ ಶಾಲು ಹೊದ್ದು ಗರಾಜಿಗೆ ಬಂದು ಕತ್ತೆತ್ತಿ ನೋಡಿದರು. "ಇದು ನಮ್ ಶಟರ್ ಇದ್ದಂಗೇ ಐತಲ್ಲೋ. ಯಾರಾದ್ರೂ ಮೇಸ್ತ್ರಿನ ಕರೆಸಪ್ಪ."

ಅವತ್ತು 250 ಡಾಲರ್ ಕೇಳಿದ್ದರು. ಮನೆ ಸಾಲ ಇತ್ತು, ಅಪ್ಪನ ಟಿಕೆಟ್ಟಿನ ದುಡ್ಡು ಇನ್ನೂ ಕ್ರೆಡಿಟ್ ಕಾರ್ಡಿನಲ್ಲಿ ಕೂತಿತ್ತು. ಆದರೆ ನಿಜವಾದ ಕಾರಣ ದುಡ್ಡಲ್ಲ ಅಂತ ಈಗ ಅನ್ನಿಸುತ್ತೆ. ಅಪ್ಪನ ಮುಂದೆ ಮೇಸ್ತ್ರಿಯನ್ನು ಕರೆಸೋಕೆ ನನಗೆ ಮನಸ್ಸಿರಲಿಲ್ಲ. ಮಗನ ಎಂಜಿನಿಯರಿಂಗ್ ಓದಿಗೆ ಅಂಗಡಿಯ ಮೇಲೆ ಸಾಲ ಮಾಡಿದ್ದವರು ಅವರು. ಡೆಟ್ರಾಯ್ಟಿನಲ್ಲಿ ಕಾರಿನ ಸಸ್ಪೆನ್ಶನ್ ಡಿಸೈನ್ ಮಾಡುವ ಮಗ ಮನೆಯ ಬಾಗಿಲಿನ ಸ್ಪ್ರಿಂಗು ಹಾಕಲಾರನೇ?

"ಅಪ್ಪ, ನನ್ನ ಕೆಲಸವೇ ಸ್ಪ್ರಿಂಗು. ನೀವು ನೋಡ್ತಾ ಇರಿ" ಅಂದೆ.

ಪಿಯುಸಿಯಲ್ಲಿ ಎಲ್ಲರೂ ಉರು ಹೊಡೆದಿರ್ತೀವಲ್ಲ, ಹುಕ್ ನಿಯಮ. ರಾಬರ್ಟ್ ಹುಕ್ 1678ರಲ್ಲೇ ವಿವರಿಸಿದ್ದು. ಎಷ್ಟು ಎಳೆದರೆ ಅಷ್ಟು ಬಲ. ತಿರುಚುವ ಸ್ಪ್ರಿಂಗಿಗೂ ಅದೇ, ಎಷ್ಟು ಸುತ್ತಿದರೆ ಅಷ್ಟು ತಿರುಚು ಬಲ. ಒಳಗೆ ಕೂಡಿಟ್ಟ ಶಕ್ತಿ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತೆ. ಎರಡರಷ್ಟು ಸುತ್ತಿದರೆ ಶಕ್ತಿ ನಾಲ್ಕರಷ್ಟು. ನಮ್ಮ ಬಾಗಿಲು ಸುಮಾರು 160 ಪೌಂಡ್, ಅಂದರೆ 72 ಕಿಲೋ ಚಿಲ್ಲರೆ. ಅದರ ನಡುಭಾಗ ಮೂರೂವರೆ ಅಡಿ ಮೇಲೇರಬೇಕು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 750 ಜೌಲ್. ಜೌಲ್ ಅಂದರೆ ತಲೆಗೆ ಹತ್ತಲ್ಲ, ಅಕ್ಕಿ ಮೂಟೆಯಲ್ಲಿ ಹೇಳ್ತೀನಿ. 25 ಕಿಲೋ ಮೂಟೆಯೊಂದನ್ನು ಹತ್ತು ಅಡಿ ಮೇಲಿನಿಂದ ತಲೆ ಮೇಲೆ ಬಿಟ್ಟರೆ ಬೀಳುವ ಪೆಟ್ಟು ಅದು. ಎರಡು ಸ್ಪ್ರಿಂಗಿನಲ್ಲಿ ಅದು ಅರ್ಧರ್ಧ ಕೂತಿರುತ್ತೆ.

ಈ ಲೆಕ್ಕ ನಾನು ಹಾಕಿದ್ದು ಆಮೇಲೆ. ಮೊದಲೇ ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಶನಿವಾರ ಹೊಸ ಸ್ಪ್ರಿಂಗು ತಂದೆ. ನನ್ನವಳು ತನ್ನ ಕಾರಿನಲ್ಲಿ ಮಗಳನ್ನು ಈಜಿಗೆ ಕರೆದುಕೊಂಡು ಹೋಗಿದ್ದಳು. ಮುರಿದ ಸ್ಪ್ರಿಂಗಿನಲ್ಲಿ ಬಿಗಿ ಇರಲಿಲ್ಲ. ಆದರೆ ಮುರಿಯದ ಇನ್ನೊಂದು ಸ್ಪ್ರಿಂಗು ಪೂರ್ತಿ ಸುತ್ತಿಕೊಂಡೇ ಕೂತಿತ್ತು. ಎರಡನ್ನೂ ಬದಲಾಯಿಸಬೇಕಾದ್ದರಿಂದ ಅದನ್ನು ಮೊದಲು ಬಿಚ್ಚಬೇಕು. ಸ್ಪ್ರಿಂಗಿನ ತುದಿಯಲ್ಲಿ ಒಂದು ಲೋಹದ ಬಿಲ್ಲೆ ಇರುತ್ತೆ, ಅದಕ್ಕೆ ನಾಲ್ಕು ತೂತು. ಆ ತೂತಿಗೆ ಕಂಬಿ ಹಾಕಿ, ಕೊಳವೆಗೆ ಅದುಮಿರುವ ಸ್ಕ್ರೂ ಸಡಿಲಿಸಿ, ಕಾಲು ಸುತ್ತು ಕಾಲು ಸುತ್ತಾಗಿ ಬಿಚ್ಚುತ್ತಾ ಬರಬೇಕು. ಅದಕ್ಕೇ ಅಂತ 18 ಇಂಚು ಉದ್ದದ, ಅರ್ಧ ಇಂಚು ದಪ್ಪದ ಗಟ್ಟಿ ಉಕ್ಕಿನ ಕಂಬಿಗಳ ಜೋಡಿ ಸಿಗುತ್ತೆ. ನನ್ನ ಹತ್ತಿರ ಅದು ಇರಲಿಲ್ಲ. ದೊಡ್ಡ ಸ್ಕ್ರೂಡ್ರೈವರ್ ಎರಡು ಇದ್ದವು. ಸಾಕು ಅಂದುಕೊಂಡೆ.

"ಏಣಿ ಹಿಡ್ಕೊಳ್ತೀನಿ ತಡಿ" ಅಂತ ಅಪ್ಪ ಬಂದು ನಿಂತರು. ಸ್ಪ್ರಿಂಗಿಗೆ ಸರಿ ಎದುರಿಗೆ. ಎಡಗೈಯಲ್ಲಿ ಏಣಿಯ ಕಾಲು.

ಸ್ಕ್ರೂ ಸಡಿಲಿಸಿದೆ. ಭಾರ ಕೈಗೆ ಬಂತು. ಅಷ್ಟು ಭಾರ ಇರುತ್ತೆ ಅಂತ ನಾನು ಊಹಿಸಿರಲಿಲ್ಲ. ಎರಡನೇ ಸ್ಕ್ರೂಡ್ರೈವರನ್ನು ಮುಂದಿನ ತೂತಿಗೆ ತೂರಿಸಲು ಹೋದೆ. ತೂತಿಗೂ ಸ್ಕ್ರೂಡ್ರೈವರಿಗೂ ಅಳತೆ ಸರಿಯಿಲ್ಲ, ಅಲ್ಲಾಡುತ್ತಿತ್ತು. ಮೊದಲನೆಯದು ಓರೆಯಾಯಿತು. ಅಷ್ಟೇ. ಬಿಲ್ಲೆ ಫ್ಯಾನಿನ ಹಾಗೆ ಗಿರ್ರನೆ ತಿರುಗಿತು. ಸ್ಕ್ರೂಡ್ರೈವರ್ ಕೈಯಿಂದ ಕಿತ್ತುಕೊಂಡು ಹೋಯಿತು. ಎಲ್ಲಿ ಹೋಯಿತು ಅಂತ ನೋಡಿದರೆ ಅಪ್ಪ ಏಣಿ ಬಿಟ್ಟು, ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಒಂದು ಶಬ್ದ ಮಾಡಲಿಲ್ಲ. ಮುಖ ಮಾತ್ರ ಸುಣ್ಣ ಹೊಡೆದ ಹಾಗಿತ್ತು.

ಒಂದು ಅಡಿ ಮೇಲೆ ಬಂದಿದ್ದರೆ ಕಣ್ಣು. ಇಲ್ಲಾ ಹಣೆ. ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾದಾಗ ಆ ಒಂದು ಅಡಿ ಕಣ್ಣ ಮುಂದೆ ಬರುತ್ತೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಟ್ಯಾಕ್ಸಿಯಲ್ಲಿ ಹೋಗಿ, ಎಕ್ಸ್‌ರೇ ತೆಗೆಸಿ, ಬ್ಯಾಂಡೇಜು ಹಾಕಿಸಿಕೊಂಡು ಬಂದೆವು. ಡಾಕ್ಟರಿಗೆ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಆತ ತಲೆಯಾಡಿಸಿ, ಗರಾಜ್ ಸ್ಪ್ರಿಂಗಿನ ಪೆಟ್ಟು ಇದಕ್ಕಿಂತ ಕೆಟ್ಟದ್ದನ್ನು ನೋಡಿದ್ದೇನೆ ಅಂದ. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಏನಂದ ಅಂತ ಕೇಳಿದರು. "ಬೇಗ ವಾಸಿಯಾಗುತ್ತಂತೆ" ಅಂದೆ.

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಅಪ್ಪ ಮೆಲ್ಲಗೆ ಹೇಳಿದರು. "ನೋಡು, ಮನೆ ಮುಂದೆ ಮಂಜಲ್ಲಿ ಜಾರಿ ಬಿದ್ದೆ ಅಂತ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬ್ಯಾಡ. ನಿಮ್ಮಮ್ಮ ಸುಮ್ನೆ ನಿನ್ನ ಬೈತಾಳೆ. ಆ ಹುಡುಗೀನೂ ಬೇಜಾರು ಮಾಡ್ಕತಾಳೆ."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹೂಂ ಅಂದೆ. ನನ್ನವಳಿಗೂ ಅದನ್ನೇ ಹೇಳಿದೆವು. ಸೋಮವಾರ ರಿಪೇರಿಯವನನ್ನು ಕರೆಸಿ ಸ್ಪ್ರಿಂಗು ಹಾಕಿಸಿದೆ. 250 ಉಳಿಸಲು ಹೋಗಿ ಎಷ್ಟು ಖರ್ಚಾಯಿತು ಅಂತ ಹೇಳೋಕೆ ಹೋಗಲ್ಲ.

ಅಪ್ಪ ಏಪ್ರಿಲ್‌ನಲ್ಲಿ ಊರಿಗೆ ಹೋದರು. ಮೂಳೆ ಕೂಡಿಕೊಂಡಿತ್ತು. ಆದರೆ ಎಡ ಅಂಗೈ ಪೂರ್ತಿ ಮೇಲ್ಮುಖವಾಗಿ ತಿರುಗುವುದಿಲ್ಲ. ತೀರ್ಥ ತಗೊಳ್ಳೋದು ಬಲಗೈಲಿ ತಾನೇ, ಏನೂ ತೊಂದರೆಯಿಲ್ಲ ಅಂತ ನಗುತ್ತಿದ್ದರು. ತೊಂದರೆ ಇದ್ದದ್ದು ಶಟರ್ ಎತ್ತೋದಕ್ಕೆ. ಬಗ್ಗಿ ಎರಡು ಕೈ ಹಾಕಿ ಎತ್ತಲು ಆಗುತ್ತಿರಲಿಲ್ಲ. ಪಕ್ಕದ ಅಂಗಡಿಯ ಹುಡುಗ ಬಂದು ಎತ್ತಿಕೊಡಬೇಕಿತ್ತು. ಅವನು ಬರುವ ತನಕ ಅಪ್ಪ ಬೀಗ ತೆಗೆದು ಮೆಟ್ಟಿಲ ಮೇಲೆ ಕೂತಿರೋರಂತೆ. ಇದನ್ನು ನನಗೆ ಹೇಳಿದ್ದು ತಂಗಿ. 2016ರಲ್ಲಿ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟರು. ವಯಸ್ಸಾಯ್ತು ಕಣೋ ಅಂದರು. ವಯಸ್ಸೂ ಆಗಿತ್ತು, ನಿಜ. ಅದೊಂದೇ ಕಾರಣ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಅಮ್ಮ ಈಗಲೂ ಫೋನಿನಲ್ಲಿ ರೇಗಿಸುತ್ತಾಳೆ. "ನಿಮ್ಮಪ್ಪ ಅಮೇರಿಕಾಕ್ಕೆ ಹೋಗಿ ಮಂಜಲ್ಲಿ ಜಾರುಬಂಡೆ ಆಡಿ ಬಂದೋರು!" ಅಪ್ಪ ಆ ಕಡೆ ಸುಮ್ಮನೆ ನಗುತ್ತಾರೆ.

ಇಷ್ಟನ್ನೂ ಅವತ್ತು ಅಡುಗೆಮನೆಯಲ್ಲಿ ಹೇಳಿದೆ. ನನ್ನವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವತ್ತು ಮಾವನಿಗೆ ನಾನೂ ಬೈದಿದ್ದೆ ಕಣ್ರೀ, ಬೂಟ್ಸ್ ಹಾಕ್ಕೊಳ್ದೆ ಯಾಕೆ ಹೊರಗೆ ಹೋದ್ರಿ ಅಂತ. ತಪ್ಪಾಯ್ತಮ್ಮ ಅಂದಿದ್ರು" ಅಂದಳು. ಮತ್ತೆ ಅವಳೇ ಫೋನ್ ತೆಗೆದು ರಿಪೇರಿಯವನಿಗೆ ಬರಲು ಹೇಳಿದಳು.

ಆತ ಹತ್ತು ಗಂಟೆಗೆ ಬಂದ. ಐವತ್ತೈದರ ಆಸುಪಾಸಿನ ಮನುಷ್ಯ. ನೋಡಬಹುದಾ ಅಂತ ಕೇಳಿದೆ. "ನೋಡಿ, ಆದರೆ ಅಲ್ಲಿಂದ" ಅಂತ ಒಳಬಾಗಿಲಿನ ಹತ್ತಿರ, ಪಕ್ಕಕ್ಕೆ ಕೈ ತೋರಿಸಿದ. ಸಾಬರ ನೆನಪಾಯಿತು. ಆತ ಮಾಡಿದ್ದನ್ನು ಒಂದೊಂದಾಗಿ ಬರೆಯುತ್ತೇನೆ. ನೀವು ಇದನ್ನು ನೋಡಿ ಮಾಡಲಿ ಅಂತಲ್ಲ. ಮಾಡುವವನು ಸರಿಯಾಗಿ ಮಾಡುತ್ತಿದ್ದಾನಾ ಅಂತ ನಿಮಗೆ ಗೊತ್ತಾಗಲಿ ಅಂತ.

ಮೊದಲು ಬಾಗಿಲು ಪೂರ್ತಿ ಮುಚ್ಚಿದೆಯಾ ನೋಡಿ, ಮೋಟಾರಿನ ಪ್ಲಗ್ ಕಿತ್ತ. ನಂತರ ಹಳಿಯ ಮೇಲೆ, ಬಾಗಿಲಿನ ಗಾಲಿಗೆ ಸ್ವಲ್ಪ ಮೇಲೆ, ಎರಡೂ ಕಡೆ ಬಿಗಿ ಇಕ್ಕಳ ಕಚ್ಚಿಸಿದ. ಸ್ಪ್ರಿಂಗು ಸುತ್ತುವಾಗ ಬಾಗಿಲು ತಾನಾಗಿ ಮೇಲಕ್ಕೆ ಹಾರದಿರಲಿ ಅಂತ. ಕನ್ನಡಕ, ಕೈಗವಸು. ಏಣಿಯನ್ನು ಸ್ಪ್ರಿಂಗಿನ ಎದುರಿಗೆ ಇಡಲಿಲ್ಲ, ಪಕ್ಕಕ್ಕೆ ಇಟ್ಟ. ಕೆಲಸ ಮುಗಿಯುವ ತನಕ ಅವನ ತಲೆ ಒಮ್ಮೆಯೂ ಕಂಬಿ ತಿರುಗುವ ದಾರಿಗೆ ಬರಲಿಲ್ಲ.

ಮುರಿಯದ ಸ್ಪ್ರಿಂಗನ್ನು ಬಿಚ್ಚುವಾಗ ಕಂಬಿಯನ್ನು ತೂತಿನ ತಳ ಮುಟ್ಟುವ ತನಕ ತೂರಿಸಿ, ಭಾರವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಸ್ಕ್ರೂ ಸಡಿಲಿಸಿದ. ಕಾಲು ಸುತ್ತು ಇಳಿಸಿ, ಇನ್ನೊಂದು ಕಂಬಿ ಹಾಕಿ, ಆಮೇಲೆ ಮೊದಲನೆಯದನ್ನು ತೆಗೆದ. ಯಾವಾಗಲೂ ಒಂದು ಕಂಬಿ ಒಳಗೆ ಇದ್ದೇ ಇರಬೇಕು. ಮಧ್ಯದಲ್ಲಿ ಗೋಡೆಗೆ ಸ್ಪ್ರಿಂಗನ್ನು ಹಿಡಿದಿರುವ ಪಟ್ಟಿಯ ಬೋಲ್ಟನ್ನು ಬಿಗಿ ಪೂರ್ತಿ ಇಳಿಯುವ ತನಕ ಮುಟ್ಟಲಿಲ್ಲ. ಬಿಗಿ ಇರುವಾಗಲೇ ಆ ಬೋಲ್ಟ್ ಬಿಚ್ಚಿ ಕೈ ಕಳೆದುಕೊಳ್ಳೋರೂ ಇದ್ದಾರೆ ಅಂದ. ಹಾಗೇ ಬಾಗಿಲಿನ ಕೆಳಮೂಲೆಯಲ್ಲಿ ಕೇಬಲ್ ಕಟ್ಟಿರುವ ಪಟ್ಟಿ. ಅದನ್ನೂ ಬಿಗಿ ಇರುವಾಗ ಬಿಚ್ಚಬಾರದು.

ಹೊಸ ಸ್ಪ್ರಿಂಗಿಗೆ ಅಳತೆ ತೆಗೆದ. ಇಪ್ಪತ್ತು ಸುತ್ತುಗಳನ್ನು ಒತ್ತಾಗಿ ಅಳೆದು ಭಾಗಿಸಿದರೆ ತಂತಿಯ ದಪ್ಪ ಸಿಗುತ್ತೆ. ಜೊತೆಗೆ ಒಳಗಿನ ವ್ಯಾಸ, ಬಿಚ್ಚಿದ ಸ್ಪ್ರಿಂಗಿನ ಉದ್ದ. ಈ ಮೂರೂ ಬಾಗಿಲಿನ ತೂಕಕ್ಕೆ ಹೊಂದಬೇಕು. ಎಡದ ಸ್ಪ್ರಿಂಗಿಗೂ ಬಲದ ಸ್ಪ್ರಿಂಗಿಗೂ ಸುತ್ತು ಎದುರುಬದುರು, ಅದಲು ಬದಲು ಹಾಕುವ ಹಾಗಿಲ್ಲ. ಒಂದು ಮುರಿದರೂ ಎರಡನ್ನೂ ಬದಲಾಯಿಸುವುದು ಯಾಕೆಂದರೆ ಇನ್ನೊಂದರ ಆಯಸ್ಸೂ ಅಷ್ಟೇ ಮುಗಿದಿರುತ್ತೆ. 10,000ದ್ದು ಬೇಡ, ಸ್ವಲ್ಪ ಹೆಚ್ಚಿಗೆ ಕೊಟ್ಟು 25,000ದ್ದು ಹಾಕಿಸಿ ಅಂದ. ಹಾಕಿಸಿದೆ.

ಸುತ್ತುವ ಮುಂಚೆ ಸ್ಪ್ರಿಂಗಿನ ಉದ್ದಕ್ಕೂ ಸುಣ್ಣದ ಕಡ್ಡಿಯಿಂದ ಒಂದು ನೇರ ಗೆರೆ ಎಳೆದ. ಸುತ್ತುತ್ತಾ ಹೋದಂತೆ ಆ ಗೆರೆ ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ ತಿರುಚಿಕೊಂಡಿತು. ಗೆರೆಯ ಸುತ್ತು ಎಣಿಸಿದರೆ ಎಷ್ಟು ಸುತ್ತಿದೆ ಅಂತ ಗೊತ್ತಾಗುತ್ತೆ. ಏಳು ಅಡಿ ಬಾಗಿಲಿಗೆ ಸಾಮಾನ್ಯವಾಗಿ ಏಳೂವರೆ ಸುತ್ತು, ಅಂದರೆ 30 ಕಾಲು ಸುತ್ತು. ಆತ ಬಾಯಲ್ಲಿ ಎಣಿಸುತ್ತಿದ್ದ. ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಪ್ರತಿ ಸಲ ಕಂಬಿ ಬದಲಾಯಿಸುವಾಗ ನನ್ನ ಉಸಿರು ನಿಲ್ಲುತ್ತಿತ್ತು.

ಎಲ್ಲಾ ಆದ ಮೇಲೆ ಇಕ್ಕಳ ತೆಗೆದು, ಮೋಟಾರು ಜೋಡಿಸದೆ, ಬಾಗಿಲನ್ನು ಕೈಯಿಂದ ಸೊಂಟದ ಮಟ್ಟಕ್ಕೆ ಎತ್ತಿ ಬಿಟ್ಟ. 160 ಪೌಂಡಿನ ಬಾಗಿಲು ಮೇಲೂ ಹೋಗದೆ ಕೆಳಗೂ ಬೀಳದೆ ಅಲ್ಲೇ ನಿಂತಿತು. "ಈಗ ಸರಿಯಿದೆ" ಅಂದ. ನನ್ನನ್ನು ಕರೆದು ಎತ್ತಿ ನೋಡಿ ಅಂದ. ಒಂದು ಕೈಯಲ್ಲಿ ಎತ್ತಿದೆ. ಹೂವಿನ ಹಾಗೆ ಮೇಲೆ ಹೋಯಿತು.

ಅಪ್ಪನಂಥವರು ಒಂದು ಕೈಯಲ್ಲೂ ಎತ್ತಬಹುದು ಅನ್ನಿಸಿತು.

ಇಷ್ಟೆಲ್ಲಾ ನೋಡಿದ ಮೇಲೆ ಸರಿಯಾದ ಕಂಬಿ ತಂದು ನಾನೇ ಮಾಡಬಲ್ಲೆ, ಅನುಮಾನವಿಲ್ಲ. ಮಾಡುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಕೈ ಪಳಗೋದಿಲ್ಲ. ದಿನಾ ಮಾಡುವವನಿಗೇ ಬಿಡೋದು ವಾಸಿ. ಆದರೆ ನಾವೇ ಮಾಡಬಹುದಾದ್ದು, ಮಾಡಲೇಬೇಕಾದ್ದು ಕೆಲವಿವೆ. ವರ್ಷಕ್ಕೆರಡು ಸಲ ಸ್ಪ್ರಿಂಗಿಗೆ ಗರಾಜ್ ಬಾಗಿಲಿನ ಎಣ್ಣೆ ಸಿಂಪಡಿಸಿ. ಬಾಗಿಲು ಮುಚ್ಚಿರುವಾಗ ಕೆಂಪು ಹಿಡಿಯ ಹಗ್ಗ ಎಳೆದು ಮೋಟಾರು ಬಿಡಿಸಿ, ಮೇಲೆ ಹೇಳಿದ ಹಾಗೆ ಅರ್ಧಕ್ಕೆ ಎತ್ತಿ ನೋಡಿ. ನಿಲ್ಲದೆ ಜಾರಿದರೆ ಸ್ಪ್ರಿಂಗು ಸೋತಿದೆ ಅಂತ ಅರ್ಥ. ಬಾಗಿಲು ಮೇಲಿರುವಾಗ ಆ ಹಗ್ಗ ಎಳೆಯಬೇಡಿ. ಸ್ಪ್ರಿಂಗು ಮುರಿದಿದ್ದರೆ ಇಡೀ ಬಾಗಿಲು ಧೊಪ್ಪನೆ ತಲೆ ಮೇಲೆ ಬರುತ್ತೆ. ಸ್ಪ್ರಿಂಗು ಮುರಿದ ಮೇಲೆ ಗುಂಡಿ ಒತ್ತಿ ಒತ್ತಿ ನೋಡಬೇಡಿ, ಮೋಟಾರಿನ ಹಲ್ಲುಗಾಲಿ ಸವೆದುಹೋಗುತ್ತೆ. ಹಳೇ ಮನೆಗಳಲ್ಲಿ ಸ್ಪ್ರಿಂಗು ಬಾಗಿಲ ಮೇಲಿರದೆ ಎರಡೂ ಕಡೆಯ ಹಳಿಯ ಉದ್ದಕ್ಕೆ ಎಳೆದು ಕಟ್ಟಿರುತ್ತೆ. ಅಂಥದ್ದಿದ್ದರೆ ಸ್ಪ್ರಿಂಗಿನ ಹೊಟ್ಟೆಯೊಳಗೆ ಒಂದು ಕೇಬಲ್ ಹಾದುಹೋಗಿದೆಯಾ ಇವತ್ತೇ ನೋಡಿ. ಅದಿಲ್ಲದಿದ್ದರೆ ಮುರಿದ ತುಂಡು ಚಾಟಿಯಂತೆ ಹಾರುತ್ತೆ. ಮಕ್ಕಳಿರುವ ಮನೆಯಲ್ಲಿ ಇನ್ನೂ ಒಂದು: ಬಾಗಿಲಿನ ಕೆಳಗೆ ನೆಲದ ಮೇಲೆ ಒಂದು ಮರದ ತುಂಡು ಮಲಗಿಸಿ ಗುಂಡಿ ಒತ್ತಿ. ಅದು ತಾಗಿದ ಕೂಡಲೇ ಬಾಗಿಲು ವಾಪಸ್ ಮೇಲೆ ಹೋಗಬೇಕು. ಇಲ್ಲಿ 1993ರಿಂದ ಈಚೆಗೆ ತಯಾರಾದ ಯಂತ್ರಗಳಿಗೆಲ್ಲಾ ಇಂಥ ರಕ್ಷಣೆ ಕಡ್ಡಾಯ.

ಊರಿನಲ್ಲಿರುವವರೂ ಅಷ್ಟೇ. ಅಂಗಡಿ ಶಟರ್ ಭಾರವಾಗಿದ್ದರೆ ಮೊಳಕಾಲು ಕೊಟ್ಟು ಎತ್ತುತ್ತಾ ಕೂರಬೇಡಿ. ಶಟರಿನವರನ್ನು ಕರೆಸಿ. ಅವರು ಏಣಿ ಹತ್ತಿದಾಗ ಮಕ್ಕಳನ್ನು ಪಕ್ಕಕ್ಕೆ ಕರೆದುಕೊಳ್ಳಿ.

ಅವತ್ತು ರಾತ್ರಿ, ಊರಿನಲ್ಲಿ ಬೆಳಗಾದ ಮೇಲೆ, ಅಪ್ಪನಿಗೆ ಫೋನ್ ಮಾಡಿದೆ. ಸ್ಪ್ರಿಂಗು ಮತ್ತೆ ಮುರಿದ ವಿಷಯ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ.

"ನೀನು ಕೈ ಹಾಕ್ಲಿಲ್ಲ ತಾನೇ?"

"ಇಲ್ಲಪ್ಪ. ಮೇಸ್ತ್ರಿ ಬಂದಿದ್ದ."

"ನೋಡಕ್ಕೆ ನಿಂತಿದ್ಯಾ? ಎಲ್ಲಿ ನಿಂತಿದ್ದೆ?"

"ಪಕ್ಕದಲ್ಲಿ."

"ಹಂ" ಅಂದರು. ಸಮಾಧಾನ ಆದಾಗ ಅವರು ಹಾಗೇ ಅನ್ನೋದು.

ಆಮೇಲೆ ಕೇಳಿದೆ, ಅಮ್ಮನಿಗೆ ಹೇಳಿಬಿಡ್ತೀನಪ್ಪ ಅಂತ. "ಈಗ್ಯಾಕೋ, ಹಳೇದು" ಅಂದರು. ಇಲ್ಲಪ್ಪ, ಹೇಳ್ತೀನಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹೇಳೋದಾದ್ರೆ ನೀನೇ ಹೇಳು, ನಾನಂತೂ ಹೇಳಲ್ಲ. ಬೈದ್ರೆ ಬೈಸ್ಕೋ" ಅಂತ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು.

ಹೇಳಿದೆ. ಅಮ್ಮ ಬೈದಳು. ಮೊದಲು ನನಗೆ, ಆಮೇಲೆ ಅಪ್ಪನಿಗೆ, ಮತ್ತೆ ನನಗೆ. ಹತ್ತು ನಿಮಿಷ. ಹಿಂದಿನಿಂದ ಅಪ್ಪ, "ಬಿಡೇ, ಹುಡುಗ ಆಫೀಸಿಗೆ ಹೋಗ್ಬೇಕು" ಅನ್ನುತ್ತಿದ್ದರು. ನನಗಿಲ್ಲಿ ರಾತ್ರಿ ಒಂಬತ್ತೂವರೆ ಅಂತ ಅವರಿಗೂ ಗೊತ್ತು.